ಗೆರೆ ಆರಕ್ಕೆ ನಿಂತ ದಿನ

ನಾನು ಒಂದು ಮಿಂಚುದೀಪ. ಮನೆ ಬೆಳಗುವ ದೀಪವಲ್ಲ. ತಿರುಗುವ ಯಂತ್ರಗಳ ನಡುಕ ನೋಡಲೆಂದು ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ನನ್ನನ್ನು ಮಾಡಿದರು. ತಗಡಿನ ಮೈ, ಗಾಜಿನ ಕಣ್ಣು, ಉದ್ದನೆಯ ತಂತಿಯ ತುದಿಗೆ ಹೆಬ್ಬೆರಳು ಗಾತ್ರದ ಒಂದು ಗುಂಡು. ಆ ಗುಂಡನ್ನು ಯಂತ್ರಕ್ಕೆ ಒತ್ತಿ ಹಿಡಿದರೆ ಅದರ ಒಂದೊಂದು ನಡುಕಕ್ಕೂ ನಾನು ಒಮ್ಮೆ ಮಿಂಚುತ್ತೇನೆ. ಆಗ ತಿರುಗುವ ಶಾಫ್ಟಿನ ಮೇಲೆ ಎಳೆದ ಸುಣ್ಣದ ಗೆರೆ, ಗಡಿಯಾರದ ಮುಳ್ಳಿನಂತೆ ಒಂದೇ ಕಡೆ ನಿಂತು ಕಾಣುತ್ತದೆ. ಗುಂಡನ್ನು ಇನ್ನೊಂದು ಜಾಗಕ್ಕೆ ಒತ್ತಿದಾಗಲೂ ಗೆರೆ ಅಲ್ಲೇ ನಿಂತರೆ ಎರಡೂ ಜಾಗ ಒಟ್ಟಿಗೆ ನಡುಗುತ್ತಿವೆ ಎಂದರ್ಥ. ಗೆರೆ ಎದುರು ಬದಿಗೆ ಹೋದರೆ, ಒಂದು ಮೇಲೇಳುವಾಗ ಇನ್ನೊಂದು ಕೆಳಗಿಳಿಯುತ್ತಿದೆ ಎಂದು.

ಹೊಳೆದಂಡೆಯ ಒಂದು ಸಕ್ಕರೆ ಕಾರ್ಖಾನೆ ನನ್ನನ್ನು ತರಿಸಿಕೊಂಡಿತು. ಅದರ ಹೆಸರು ಬೇಡ. ಅಲ್ಲಿ ನಾನು ಫಿಟ್ಟರ್ ಮಲ್ಲೇಶಪ್ಪ ಪತ್ತಾರರ ಕೈಗೆ ಬಂದೆ. ಮಾತು ಕಡಿಮೆಯ ಮನುಷ್ಯ. ಬಾಯ್ಲರಿನ ಹೊಗೆ ಎಳೆಯುವ ದೊಡ್ಡ ಫ್ಯಾನಿನ ಹತ್ತಿರ ನಮಗೆ ದಸ್ತಗೀರಸಾಬ ನದಾಫ ಸಿಗುತ್ತಿದ್ದರು. ಬೇರಿಂಗುಗಳಿಗೆ ಎಣ್ಣೆ ಬಿಡುವುದು ಅವರ ಕೆಲಸ. ಬಿಟ್ಟ ಮೇಲೆ ಅಂಗೈಯನ್ನು ಬೇರಿಂಗಿನ ಮೇಲಿಟ್ಟು ತುಸು ಹೊತ್ತು ನಿಲ್ಲುವರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಮಧ್ಯಾಹ್ನ ಇಬ್ಬರೂ ಬುತ್ತಿ ಬಿಚ್ಚಿ ಹಂಚಿಕೊಳ್ಳುತ್ತಿದ್ದರು. ದಸ್ತಗೀರಸಾಬರ ಹೆಂಡತಿ ಮಾಬೂಬಿ ಕುಟ್ಟಿದ ಶೇಂಗಾ ಚಟ್ನಿ ಎಂದರೆ ಪತ್ತಾರರಿಗೆ ಪ್ರಾಣ.

ಕಬ್ಬು ನುರಿಸುವ ಕಾಲ. ಒಂದು ಗುರುವಾರ ಫ್ಯಾನಿನ ಸದ್ದು ಬದಲಾಗಿದೆ ಎಂದು ದಸ್ತಗೀರಸಾಬರೇ ಬಂದು ಕರೆದರು. ಪತ್ತಾರರು ಬೇರಿಂಗಿನ ಪೀಠಕ್ಕೆ ಗುಂಡನ್ನು ಒತ್ತಿದರು. ನಾನು ಮಿಂಚಿದೆ, ಗೆರೆ ಹನ್ನೆರಡಕ್ಕೆ ನಿಂತಿತು. ಅದರ ಕೆಳಗಿನ ಕಾಂಕ್ರೀಟಿಗೆ ಒತ್ತಿದರು. ಗೆರೆ ಆರಕ್ಕೆ ಬಂತು. ಕಚ್ಚಿಕೊಂಡು ಕೂರಬೇಕಾದ ಎರಡು ಭಾಗಗಳು ಒಂದಕ್ಕೊಂದು ವಿರುದ್ಧ ಕುಣಿಯುತ್ತಿದ್ದವು. ನಡುವಿನ ಬೋಲ್ಟುಗಳು ಹಿಡಿತ ಬಿಟ್ಟಿದ್ದವು. ಪತ್ತಾರರು ಮೂರು ಸಲ ನೋಡಿ, ‘ತಕ್ಷಣ ನಿಲ್ಲಿಸಬೇಕು’ ಎಂದು ಪುಸ್ತಕದಲ್ಲಿ ಬರೆದರು.

ದೊಡ್ಡ ಇಂಜಿನಿಯರು ಅದನ್ನು ಓದಿದರು. ಕಬ್ಬಿನ ಗಾಡಿಗಳು ಊರಾಚೆವರೆಗೆ ನಿಂತಿವೆ, ಭಾನುವಾರ ನಿಲ್ಲಿಸೋಣ ಎಂದರು. ಪತ್ತಾರರು ಒಂದು ಮಾತು ಹೇಳಿ ನೋಡಿದರು, ಎರಡನೆಯದು ಬಾಯಿಗೆ ಬರಲಿಲ್ಲ. ಪೆನ್ನು ತೆಗೆದು ತಾವು ಬರೆದದ್ದನ್ನು ತಾವೇ ಹೊಡೆದುಹಾಕಿ, ‘ಭಾನುವಾರ ನೋಡುವುದು’ ಎಂದು ಬರೆದರು. ದಸ್ತಗೀರಸಾಬರು ಕೇಳಿದಾಗ, ಎರಡು ದಿನ ತಡೆಯುತ್ತದೆ ಎಂದರು.

ಶನಿವಾರ ಬೆಳಗ್ಗೆ ದಸ್ತಗೀರಸಾಬರು ಎಣ್ಣೆ ಬಿಟ್ಟು, ಅಂಗೈ ಇಟ್ಟು ನಿಂತಿದ್ದಾಗ ಪೀಠ ಕಿತ್ತು ಬಂತು. ಅವರು ಅಲ್ಲೇ ತೀರಿಕೊಂಡರು.

ವಿಚಾರಣೆ ನಡೆಯಿತು. ದಸ್ತಗೀರಸಾಬರು ಎಣ್ಣೆ ಬಿಡದ್ದರಿಂದ ಬೇರಿಂಗು ಬಿಗಿದು ನಿಂತು ಅವಘಡವಾಯಿತೆಂದು ವರದಿ ಬರೆದರು. ಪತ್ತಾರರನ್ನು ಕರೆಸಿ ಕೇಳಿದರು. ಅಳತೆ ಸಾಧಾರಣವಾಗಿತ್ತು ಎಂದು ಅವರು ಹೇಳಿದರು. ನಾನು ಚೀಲದಲ್ಲಿ ಅವರ ಕಾಲ ಬಳಿಯೇ ಇದ್ದೆ. ಆ ದಿನದಿಂದ ಅವರು ಒಬ್ಬರೇ ಊಟಕ್ಕೆ ಕೂರತೊಡಗಿದರು.

ಹದಿನಾಲ್ಕು ವರ್ಷ ಕಳೆದವು. ಹೊಸ ಉಪಕರಣಗಳು ಬಂದವು, ನನ್ನನ್ನು ಗುಜರಿಗೆ ಹಾಕಿದರು. ನಿವೃತ್ತಿಯ ದಿನ ಪತ್ತಾರರು ಕೇಳಿಕೊಂಡು ನನ್ನನ್ನು ಮನೆಗೆ ಒಯ್ದರು. ಒಂದು ವಾರ ನನ್ನ ಮುಂದೆಯೇ ಕುಳಿತಿದ್ದು, ಎಂಟನೆಯ ದಿನ ಚೀಲಕ್ಕೆ ಹಾಕಿಕೊಂಡು ಮಾಬೂಬಿಯ ಹಿಟ್ಟಿನ ಗಿರಣಿಗೆ ಹೋದರು. ಗಂಡ ಹೋದ ಮೇಲೆ ಗಿರಣಿ ನಡೆಸಿಯೇ ಆಕೆ ಮಗಳನ್ನು ಬೆಳೆಸಿದ್ದರು.

ಪತ್ತಾರರು ಬಾಯಲ್ಲಿ ಹೇಳಲು ನೋಡಿದರು, ಆಗಲಿಲ್ಲ. ಗಿರಣಿಯ ಮೋಟರಿನ ಶಾಫ್ಟಿಗೆ ಸುಣ್ಣದ ಗೆರೆ ಎಳೆದು ಓಡಿಸಿದರು. ಮೋಟರಿಗೂ ಅದರ ಬುಡಕ್ಕೂ ಗುಂಡು ಒತ್ತಿ ತೋರಿಸಿದರು. ಎರಡು ಸಲವೂ ಗೆರೆ ಹನ್ನೆರಡಕ್ಕೆ ನಿಂತಿತು. ನಿಲ್ಲಿಸಿ, ಪಾನಾ ಹಾಕಿ ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಓಡಿಸಿದರು. ಈಗ ಬುಡಕ್ಕೆ ಒತ್ತಿದರೆ ಗೆರೆ ಆರಕ್ಕೆ ಬಂತು.

“ಅವತ್ತ ಫ್ಯಾನಿನಾಗ ಹಿಂಗs ಇತ್ತವ್ವಾ,” ಎಂದರು ಪತ್ತಾರರು. “ಎರಡ ದಿನಾ ಮೊದ್ಲs ನಾ ನೋಡಿದ್ದೆ. ನಿಲ್ಲಸ್ರಿ ಅಂತ ಬರದು, ನಾನs ಹೊಡದ ಹಾಕಿದೆ. ಎಣ್ಣಿದೇನೂ ತಪ್ಪಿರಲಿಲ್ಲ.”

ಮಾಬೂಬಿ ಮೋಟರು ನಿಲ್ಲಿಸಿದರು. ಅಳಲಿಲ್ಲ. ಹಿಟ್ಟು ಮೆತ್ತಿದ ಕೈಗಳನ್ನು ಸೆರಗಿಗೆ ಒರೆಸುತ್ತಲೇ ಇದ್ದರು.

“ಹದಿನಾಲ್ಕ ವರ್ಷ ಅವರ ಗೋರಿ ಮುಂದ ಕುಂತು ಬೈದೀನ್ರಿ ನಾ,” ಎಂದರು. “ಎಣ್ಣಿ ಬಿಡೂದೊಂದs ಕೆಲಸ ಇತ್ತು ನಿಮಗ, ಅದನ್ನೂ ಮರತ್ರಿ ಅಂತ.”

ಪತ್ತಾರರು ನೆಲದ ಮೇಲೆ ಕುಳಿತುಬಿಟ್ಟರು. ಆಕೆ ನೀರು ಕೊಡಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಎದ್ದು ಹೋಗುವಾಗ ಅವರು ಬೋಲ್ಟುಗಳನ್ನು ಬಿಗಿ ಮಾಡಿದರು. ನನ್ನನ್ನು ಅಲ್ಲೇ ಬಿಟ್ಟರು. ಆಮೇಲೆ ಕಾರ್ಖಾನೆಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದರಂತೆ, ಉತ್ತರ ಬರಲಿಲ್ಲವಂತೆ. ಗಿರಣಿಗೆ ಬರುವವರು ಆಡಿಕೊಳ್ಳುವ ಮಾತು ಇದು.

ಈಗ ನಾನು ಗಿರಣಿಯ ಹಲಗೆಯ ಮೇಲಿದ್ದೇನೆ. ಗಾಜಿಗೆ ಹಿಟ್ಟು ಕೂತಿದೆ, ಮಿಂಚುವ ಶಕ್ತಿ ಹೋಗಿದೆ. ನಾನು ತೋರಿಸಬಲ್ಲವನೇ ಹೊರತು ಹೇಳಬಲ್ಲವನಲ್ಲ. ಹೇಳುವುದನ್ನು ಮನುಷ್ಯರಿಗೇ ಬಿಡಬೇಕು. ಅವರು ತಡ ಮಾಡುತ್ತಾರೆ.

ಮೊನ್ನೆ ಜೋಳ ಬೀಸಿಸಲು ಬಂದ ಮುದುಕಿಯೊಬ್ಬಳು, ನಿನ್ನ ಗಂಡ ಹೇಗೆ ಹೋದ ಎಂದು ಕೇಳಿದಳು. ಮೊದಲಾದರೆ ಮಾಬೂಬಿ ಇಂಥದಕ್ಕೆ ಮುಖ ತಿರುಗಿಸುತ್ತಿದ್ದರು. ಈ ಸಲ ಚೀಲದ ಬಾಯಿ ಕಟ್ಟುತ್ತ, ಮೆಲ್ಲಗೆ ಹೇಳಿದರು:

“ಅವರು ಎಣ್ಣಿ ಬಿಟ್ಟಿದ್ರವ್ವಾ.”