ಎಡಗಡೆಯದು

ಕಹಿ, ಮರಗಟ್ಟಿಸುವ ಔಷಧದ ಹಾಳು ಕಹಿ ಮೂಗಿನ ಹಿಂಬದಿಯಿಂದ ಗಂಟಲಿಗೆ ಜಾರುತ್ತಿದೆ, ಇಷ್ಟು ವರ್ಷ ಕಂಡಕಂಡವರ ಮೂಗಿಗೆಲ್ಲ ಇದನ್ನೇ ಸಿಂಪಡಿಸಿ ಏನೂ ಆಗಲ್ಲ, ಸ್ವಲ್ಪ ಕಹಿ ಅಷ್ಟೇ ಅನ್ನುತ್ತಿದ್ದಳಲ್ಲ, ಸ್ವಲ್ಪವಂತೆ ಸ್ವಲ್ಪ, ನಾಲಿಗೆಯ ಬುಡವೇ ಇಲ್ಲವಾದಂತಿದೆ — ಈಗ ತುದಿಯಲ್ಲಿ ಬೆಳಕು ಹೊತ್ತ ಕರಿ ಕೊಳವೆ ತಣ್ಣಗೆ ಒಳಸರಿಯುತ್ತಿದೆ, ಅದನ್ನು ಹಿಡಿದವನು ಅವಳ ಶಿಷ್ಯನೇ, ಬಾಗಿಲು ದಾಟುವಾಗ ತಲೆ ತಗ್ಗಿಸುವಷ್ಟು ಉದ್ದ, ಓದುವ ಕಾಲದಲ್ಲಿ ಎಲ್ಲರೂ ಏಣಿ ಎಂದು ಕರೆಯುತ್ತಿದ್ದದ್ದು, ಈಗ ಧ್ವನಿಯ ಕಾಯಿಲೆಗಳಿಗೆ ದೊಡ್ಡ ಹೆಸರು, ಕಿವಿ ಮೂಗು ಗಂಟಲಿನ ವೈದ್ಯರಿಗೆಲ್ಲ ಹೊಸ ಯಂತ್ರ ಕಲಿಸಲು ಬಂದವನು, ಯಾರಾದ್ರೂ ಒಬ್ರು ಕುರ್ಚಿಗೆ ಬನ್ನಿ, ನಮ್ಮ ಗಂಟಲಲ್ಲೇ ಕಲಿಯೋಣ ಎಂದಾಗ ಸಭಾಂಗಣ ಪೂರ್ತಿ ನೆಲ ನೋಡಿತು, ಪರವಾನಗಿ ನವೀಕರಣಕ್ಕೆ ಅಂಕ ಬೇಕೆಂದು ಬಂದವರು, ಸಹಿ ಹಾಕಿ ಚಹಾ ಕುಡಿದು ಜಾರಿಕೊಳ್ಳುವ ಮಂದಿ, ಇಂಜೆಕ್ಷನ್ನಿಗೆ ಹೆದರುವ ಮಕ್ಕಳಿಗಿಂತ ಕಡೆ, ನನ್ನದೇ ನೋಡ್ರಪ್ಪ, ಹೇಗಿದ್ರೂ ದನಿ ಕೆಟ್ಟು ಕೂತಿದೆ ಎಂದು ಅವಳೇ ಎದ್ದು ಬಂದಳು, ಎಲ್ಲರೂ ಚಪ್ಪಾಳೆ ತಟ್ಟಿದರು.

ಹಾಯಾಗಿ ಉಸಿರಾಡಿ ಮೇಡಂ, ಅನ್ನುತ್ತಾನೆ ಏಣಿ, ಗೋಡೆಯಗಲದ ಪರದೆಯ ಮೇಲೆ ಗುಲಾಬಿ ಗುಹೆ, ಜೊಲ್ಲಿನ ಹೊಳಪು, ಅಯ್ಯೋ ಇದು ನನ್ನದಾ, ಊರವರ ಗಂಟಲೆಲ್ಲ ನೋಡಿದವಳಿಗೆ ತನ್ನದನ್ನು ನೋಡುವ ಯೋಗ ಇಂದು ಬಂತು, ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು, ಒಂದ್ಸಲ ಯಾರಿಗಾದ್ರೂ ತೋರಿಸ್ಬಾರ್ದೇನೇ ಎಂದು ಗಂಡ ಹೇಳುತ್ತಲೇ ಇದ್ದ, ಯಾರಿಗ್ರೀ ತೋರಿಸ್ಲಿ, ಎಲ್ಲರೂ ತೋರಿಸ್ಕೊಳ್ಳೋದೇ ನನ್ನ ಹತ್ರ, ದಿನವಿಡೀ ಕಿವಿ ಕೇಳದ ಅಜ್ಜಂದಿರ ಜೊತೆ ಕಿರುಚೋ ಕೆಲಸ ನಂದು, ಗಂಟಲು ಇನ್ನೇನಾಗತ್ತೆ ಎಂದು ಅವನ ಬಾಯಿ ಮುಚ್ಚಿಸಿದ್ದಳು, ಫೋನೆತ್ತಿದರೆ ಸ್ವಂತ ಮಗಳೇ ಯಾರು ಮಾತಾಡ್ತಿರೋದು, ಅಮ್ಮ ಇಲ್ವಾ ಎಂದಳು, ಇಬ್ಬರೂ ಬಿದ್ದು ಬಿದ್ದು ನಕ್ಕರು, ನಗುವಾಗಲೂ ಗಾಳಿಯೇ ಬಂತು, ಸೈಕಲ್ ಪಂಪಿನಿಂದ ಬರುವ ಹಾಗೆ. ಈಗ ಕೊಳವೆ ನಿಂತಿದೆ. ಎರಡು ಬಿಳಿ ಪಟ್ಟಿಗಳು, ಧ್ವನಿತಂತುಗಳು, ಗಂಟಿಲ್ಲ, ಹುಣ್ಣಿಲ್ಲ, ಎಷ್ಟು ಚೊಕ್ಕಟವಾಗಿವೆ, ನೋಡಿದಿರಾ, ಬರೀ ಕಿರುಚಾಟದ ದಣಿವು ಎಂದು ಒಳಗೊಳಗೇ ಬೀಗಿದಳು.

ಈ ಅಂತ ಅನ್ನಿ ಮೇಡಂ. ಈ — ಬಲಗಡೆಯದು ನಡುವಿಗೆ ಬಂತು, ಎಡಗಡೆಯದು ಬರಲಿಲ್ಲ. ಕೊಳವೆ ಓರೆಯಾಗಿರಬೇಕು, ನೆಟ್ಟಗೆ ಹಿಡಿಯೋ ಏಣಿ, ಅವನೂ ಹಾಗೇ ಅಂದುಕೊಂಡನೋ ಏನೋ, ಮಣಿಕಟ್ಟು ತಿರುಗಿಸಿದ, ಇನ್ನೊಂದ್ಸಲ ಮೇಡಂ, ಈ — ಬಲಗಡೆಯದು ಬಂತು, ಎಡಗಡೆಯದು ಇದ್ದಲ್ಲೇ ಇತ್ತು, ಪರದೆಯಲ್ಲಿ ಎಡಬಲ ಅದಲುಬದಲಲ್ಲವೇ, ಹಾಗಾದರೆ ನಿಂತಿರುವುದು ಬಲದ್ದೇ ಇರಬಹುದೇ, ಬಲದ್ದಾಗಿರಲಿ, ದೇವರೇ ಬಲದ್ದಾಗಿರಲಿ — ಅಲ್ಲ, ಆ ಲೆಕ್ಕವನ್ನು ಮೊದಲೇ ಹಾಕಿಯಾಗಿತ್ತು, ಈ ಕಣ್ಣುಗಳಿಗೆ ಅಷ್ಟು ಅಭ್ಯಾಸವಿದೆ, ನಿಂತಿರುವುದು ಎಡದ್ದೇ. ಎಡಗಡೆಯ ನರ ನೆಟ್ಟಗೆ ಗಂಟಲಿಗೆ ಬರುವುದಿಲ್ಲ, ಎದೆಗೆ ಇಳಿಯುತ್ತದೆ, ಹೃದಯದಿಂದ ಹೊರಟ ದೊಡ್ಡ ರಕ್ತನಾಳವನ್ನು ಬಳಸಿ ಮತ್ತೆ ಮೇಲೆ ಹತ್ತುತ್ತದೆ, ಆ ಸುತ್ತುದಾರಿಯಲ್ಲಿ ಎಲ್ಲಿ ಗಡ್ಡೆ ಒತ್ತಿದರೂ ಸೋಲುವುದು ದನಿ, ಗಂಟಲಿನ ರೋಗವನ್ನು ಗಂಟಲಲ್ಲೇ ಹುಡುಕೋನು ಅರ್ಧ ಡಾಕ್ಟ್ರು ಕಣ್ರೋ ಎಂದು ಪ್ರತಿ ತಂಡಕ್ಕೂ ಬೈದು ಹೇಳಿದವಳು ಅವಳೇ, ಏಣಿಗೂ. ಒಬ್ಬ ಬಸ್ ಕಂಡಕ್ಟರ್ ಬಂದಿದ್ದ, ಟಿಕೆಟ್ ಟಿಕೆಟ್ ಅಂತ ಕೂಗಿದ್ದಕ್ಕೇ ಇರ್ಬೇಕು ಬಿಡಿ ಡಾಕ್ಟ್ರೇ ಎಂದು ನಕ್ಕಿದ್ದ, ಎರಡೂ ಬಂದು ಸೇರಿದ್ರೆ ತಾನೇ ದನಿ, ಒಂದೇ ಕೈಯಲ್ಲಿ ಚಪ್ಪಾಳೆ ಆಗತ್ತೇನಪ್ಪಾ, ಸುಮ್ನೆ ಎದೆಯದೊಂದು ಸ್ಕ್ಯಾನ್ ಮಾಡಿಸ್ಬಿಡೋಣ ಎಂದಿದ್ದಳು, ಸುಮ್ನೆ ಅನ್ನುವ ಮಾತನ್ನು ಎಷ್ಟು ಹಗುರವಾಗಿ ಆಡಿದ್ದಳು, ಆಮೇಲೆ ಬಂದದ್ದು ಅವನ ಹೆಂಡತಿ ಒಬ್ಬಳೇ.

ಉಂಗುರ ಸಡಿಲಾಗಿತ್ತು, ಕೈ ತೊಳೆಯುವಾಗ ಸೋಪಿನ ಜೊತೆ ಜಾರಿ ತೊಟ್ಟಿಗೆ ಬಿದ್ದಾಗ ಸಣ್ಣಗಾದೆ ಎಂದು ಹಿಗ್ಗಿದ್ದಳು, ಬುದ್ಧಿಗೇಡಿ, ಕೆಮ್ಮಿಗೆ ಫ್ಯಾನಿನ ಗಾಳಿಯನ್ನು ದೂರಿದ್ದಳು, ದನಿ ಕೂತು ಮೂರು ವಾರ ದಾಟಿದರೆ ನೋಡಲೇಬೇಕೆಂದು ಬೋರ್ಡು ಬರೆಸಿ ತನ್ನ ಕೋಣೆಯ ಹೊರಗೆ ತೂಗಿಹಾಕಿದವಳು, ದಿನಾ ಅದರ ಕೆಳಗೇ ಹಾದು ಹೋದವಳು — ಮೂರು ವಾರವೇ, ತಿಂಗಳುಗಳೇ ಕಳೆದವಲ್ಲ, ನರ ಸೋಲುವ ಹೊತ್ತಿಗೆ ಗಡ್ಡೆ ಕತ್ತರಿಗೆ ದಕ್ಕುವ ಹಂತ ದಾಟಿರುತ್ತದೆ, ಹೆಚ್ಚಿನಂಶ, ಈ ಹೆಚ್ಚಿನಂಶವೂ ರೋಗಿಯ ಮನೆಯವರೆದುರು ಅವಳು ಆಡುವ ಮಾತೇ, ಅದರಾಚೆ ಉಳಿದ ಚೂರು ಆಸೆಗೆ ಅವರು ಜೋತುಬೀಳುವುದನ್ನು ಕಂಡಿದ್ದಾಳೆ, ಅವಳಿಗೆ ಜೋತುಬೀಳಲೂ ಬರುತ್ತಿಲ್ಲ, ಎಲ್ಲ ಗೊತ್ತಿದೆ, ಗೊತ್ತಿರುವುದೇ ಶನಿ. ಹೆದರಿಕೆಯಾಗುತ್ತಿದೆ, ಬರೀ ಹೆದರಿಕೆ, ಗಂಡನಿಗೆ ಹೇಗೆ ಹೇಳುವುದು, ಯಾವ ದನಿಯಲ್ಲಿ ಹೇಳುವುದು. ಇನ್ನೊಂದೇ ಸಲ ಮೇಡಂ, ಅನ್ನುತ್ತಿದ್ದಾನೆ ಏಣಿ, ಅವನ ದನಿ ಈಗ ಕಲಿಸುವವನದಲ್ಲ, ಬೇಡುವವನದು, ಈ — ಬಲಗಡೆಯದು ಬಂತು.

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು, ಫೋನಿನಲ್ಲಿ ಮಾತಾಡಲು ಹೊರಗೆ ಹೋಗಿದ್ದ ಹಿರಿಯ ಪ್ರೊಫೆಸರು ಒಳಗೆ ಬಂದರು, ಈ ಕೂಟ ನಡೆಸುತ್ತಿರುವವರೇ ಅವರು, ಕುರ್ಚಿಯಲ್ಲಿರುವವಳು ಅವರಿಗೆ ಕಾಣಿಸಲಿಲ್ಲ, ಕಾಣಿಸಿದ್ದು ಪರದೆ ಮಾತ್ರ, ಓಹೋ ಎಂಥಾ ಕೇಸು, ಎಲ್ಲಿ ಸಿಕ್ತಯ್ಯಾ ಈ ವಿಡಿಯೋ, ಎಡಗಡೆಯದು ಪೂರ್ತಿ ಹೋಗಿದೆ ನೋಡಿ, ಹ್ಞೂಂ, ಯಾರು ಹೇಳ್ತೀರಿ, ಮೊದಲು ಏನು ಮಾಡಿಸ್ತೀರಿ — ಮುಂದಿನ ಸಾಲಿನ ಹುಡುಗಿಯೊಬ್ಬಳು, ಮೊನ್ನೆ ಮೊನ್ನೆ ಪರೀಕ್ಷೆ ಮುಗಿಸಿದವಳು, ಪ್ರಶ್ನೆ ಕೇಳಿದರೆ ಉತ್ತರ ತಾನಾಗಿ ಬಾಯಿಗೆ ಬರುವ ವಯಸ್ಸು, ಎದೆ ಸ್ಕ್ಯಾನು ಸರ್ ಎಂದುಬಿಟ್ಟಳು, ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಶಭಾಷ್, ಯಾಕೆ ಅಂತ ಹೇಳಮ್ಮ, ಎನ್ನುತ್ತ ಪ್ರೊಫೆಸರು ಮುಂದೆ ಬಂದರು, ಕುರ್ಚಿಯತ್ತ ತಿರುಗಿದರು, ಅವರ ಕೈಯಲ್ಲಿದ್ದ ಫೋನು ಮೆಲ್ಲಗೆ ಕೆಳಗಿಳಿಯಿತು. ಯಾರೂ ಪರದೆ ಆರಿಸುತ್ತಿಲ್ಲ, ಏಣಿಗೆ ಕೊಳವೆ ಹೊರಗೆಳೆಯಲೂ ತೋಚುತ್ತಿಲ್ಲ, ಅವಳೇ ಏನಾದರೂ ಹೇಳಬೇಕು, ಆ ಹುಡುಗಿ ಅಳುತ್ತಿದ್ದಾಳೆ, ಉತ್ತರ ಸರಿಯಾಗಿದೆ ಕಣಮ್ಮಾ, ಅಷ್ಟಾದರೂ ಹೇಳಬೇಕು — ತುಟಿ ತೆರೆದಳು, ಗಾಳಿ ಬಂತು, ಪರದೆಯ ಮೇಲೆ ಬಲಗಡೆಯದು ಎದ್ದು ಬಂತು, ನಡುಗೆರೆಯನ್ನೂ ದಾಟಿ ಬಂತು, ಎಡಗಡೆಯದು ಇದ್ದಲ್ಲೇ ಇತ್ತು, ಮತ್ತೆ ತೆರೆದಳು, ಬಲಗಡೆಯದು ಬಂತು, ಎಡಗಡೆಯದು ಇದ್ದಲ್ಲೇ, ಬಂತು, ಇದ್ದಲ್ಲೇ