ಕೋಟೆ ಕಾವಲಿನ ಕೋಲು

"ಇನ್ಮೇಲೆ ಕಾವಲು ಇಲ್ಲ ಕಣ್ರಪ್ಪಾ. ಯಾರ ಮನೆಯಿಂದ್ಲೂ ಆಳು ಬರಂಗಿಲ್ಲ."

ಮಾರಮ್ಮನ ಗುಡಿಯ ಜಗಲಿಯ ಮೇಲೆ ಕೂತು ಯಜಮಾನ ಮುನಿಯಪ್ಪ ಹೀಗೆ ಹೇಳಿ ಮುಗಿಸಿದಾಗ, ಬೇವಿನ ಮರದ ಕೆಳಗೆ ನಿಂತಿದ್ದ ವೆಂಕಟಲಕ್ಷ್ಮಮ್ಮನಿಗೆ ಬಾಯಿಗೆ ಬಂದಿದ್ದ ಮಾತನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆಂದೇ ಬಂದವಳು ಅವಳು. 'ನನ್ ಮಗನ್ನ ಕೊಡಾಕಿಲ್ಲ, ಬೇಕಾದ್ರೆ ನನ್ನ ಊರಿಂದಾಚೆ ಹಾಕಿ' ಎಂಬುದನ್ನು ದಾರಿಯುದ್ದಕ್ಕೂ ಮಂತ್ರದಂತೆ ಹೇಳಿಕೊಂಡು ಬಂದಿದ್ದಳು. ಈಗ ಕೇಳುವವರೇ ಇಲ್ಲದಂತಾಯಿತು.

ಸಾವನದುರ್ಗದ ಮೇಲೆ ದಂಡು ಇದ್ದ ಕಾಲದಲ್ಲಿ ಬೆಟ್ಟದ ತಪ್ಪಲಿನ ಈ ಊರಿನಿಂದ ಮನೆಗೊಬ್ಬ ಗಂಡಸು ಕೋಟೆ ಕಾಯಲು ಹೋಗಬೇಕಿತ್ತಂತೆ. ದಂಡು ಹೋಯಿತು, ಕೋಟೆ ಬಿತ್ತು, ಕಾವಲು ಮಾತ್ರ ನಿಲ್ಲಲಿಲ್ಲ. ಶತ್ರುವಿನ ಜಾಗಕ್ಕೆ ಕಳ್ಳರು ಬಂದರು, ಕಳ್ಳರ ಜಾಗಕ್ಕೆ ಆನೆಗಳು ಬಂದವು. ರಾಗಿ ತೆನೆಗಟ್ಟಿದ ಮೇಲೆ ಕಾಡಂಚಿನ ಬಂಡೆಯ ಮೇಲೆ ಪಂಜು, ತಮಟೆ ಹಿಡಿದು ಕೂರುವುದು ಎಂದರೆ ಊರಿನವರ ಬಾಯಲ್ಲಿ ಇಂದಿಗೂ ಕೋಟೆ ಕಾವಲೇ. ಅದಕ್ಕೆ ಹುಡುಗನ ವಯಸ್ಸನ್ನು ಯಾರೂ ಕೇಳುತ್ತಿರಲಿಲ್ಲ. ಮೀಸೆ ಬಂದರೆ ಸಾಕು. ಪೂಜಾರಿ ಹುಚ್ಚಯ್ಯ ಅವನನ್ನು ಗುಡಿಯ ಮುಂದೆ ನಿಲ್ಲಿಸಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಅಪ್ಪನ ಕೋಲನ್ನು ಅವನ ಕೈಗೆ ಕೊಟ್ಟುಬಿಡುತ್ತಿದ್ದ. ಒಲ್ಲೆ ಎಂದ ಮನೆಗೆ ಊರಿನ ಬೆಂಕಿಯಿಲ್ಲ, ನೀರಿಲ್ಲ.

ಅದಕ್ಕಾಗಿಯೇ ಮಗ ಬಾಲರಾಜುವಿನ ತುಟಿಯ ಮೇಲೆ ಕರಿಗೆರೆ ಕಂಡ ದಿನದಿಂದ ಅವಳು ಅಂಗಡಿಯಿಂದ ಬ್ಲೇಡು ತಂದುಕೊಡುತ್ತ ಬಂದಿದ್ದಳು. ಹುಡುಗ ಎಮ್ಮೆ ಕಟ್ಟುವ ಕೊಟ್ಟಿಗೆಯಲ್ಲಿ ಕನ್ನಡಿ ನಿಲ್ಲಿಸಿಕೊಂಡು, ಅವ್ವನನ್ನು ಬೈದುಕೊಂಡೇ ಬೋಳಿಸಿಕೊಳ್ಳುತ್ತಿದ್ದ. ಡೈರಿಗೆ ಹಾಲು ಹಾಕಲು ಹೋದರೆ ಓರಗೆಯವರು ಬಿಡುತ್ತಿರಲಿಲ್ಲ. "ಏನ್ಲಾ ಬಾಲ, ನಿಮ್ಮವ್ವ ಸೀರೆ ಯಾವಾಗ್ಲಾ ಉಡುಸ್ತಾಳೆ?" ಮೊನ್ನೆ ಮಂಗಳವಾರ ತೀರ್ಥ ಕೊಡುವ ನೆಪದಲ್ಲಿ ಹುಚ್ಚಯ್ಯ ಅವನ ತುಟಿಯ ಮೇಲೆ ಹೆಬ್ಬೆರಳಾಡಿಸಿ, ಅವಳ ಕಡೆ ತಿರುಗಿ ನಕ್ಕಿದ್ದ. "ಹಾಲು ಕುಡಿಯೋ ಮಗ ಅಂದ್ಕಂಡಿದ್ದೆ. ಚುಚ್ತದಲ್ಲವ್ವಾ!"

ಇವತ್ತು ಅವನನ್ನೇ ಕರೆಯುತ್ತಾರೆಂದು ಅವಳು ಬಂದಿದ್ದಳು. ಕರೆಯಲಿಲ್ಲ. ಮುನಿಯಪ್ಪನ ಮಗ ಮನೋಹರ, ಕಂಪನಿಯ ನೀಲಿ ಅಂಗಿ ತೊಟ್ಟವನು, ಕೈಕಟ್ಟಿ ಕಂಬಕ್ಕೆ ಒರಗಿದ್ದ. ಬಿಡದಿಯ ಫ್ಯಾಕ್ಟರಿ ಬಸ್ಸು ಈಗ ಊರ ಬಾಗಿಲಿಗೇ ಬರುತ್ತದೆ. ಅರ್ಧ ಊರಿನ ಹುಡುಗರಿಗೆ ರಾತ್ರಿ ಪಾಳಿ. "ಬಂಡೆ ಮೇಲೆ ಕೂತ್ರೆ ಅಲ್ಲಿ ಮಿಷನ್ನು ಯಾರ್ ಓಡುಸ್ತಾರೆ? ಎರಡು ದಿನ ಹೋಗ್ನಿಲ್ಲ ಅಂದ್ರೆ ಗೇಟಿಂದಾಚೆಗೇ ಕಳಿಸ್ತಾರೆ," ಎಂದ ಅವನು.

"ಸುಮ್ನೆ ನಿಲ್ಲಿಸ್ತಾ ಇಲ್ಲ," ಎಂದು ಮುನಿಯಪ್ಪ ಎಲ್ಲರನ್ನೂ ನೋಡಿದ. "ತಾಯಿ ಹತ್ರ ಹೂ ಕೇಳಿದ್ದೀವಿ. ಬಲಕ್ಕೇ ಕೊಟ್ಟು ಒಪ್ಕಂಡವ್ಳೆ."

ಹೆಂಗಸರು ಕೈಮುಗಿದರು. ವೆಂಕಟಲಕ್ಷ್ಮಮ್ಮನೂ ಮುಗಿದಳು. ಮಗ ಉಳಿದ, ತಾಯೀ, ಎಂದುಕೊಂಡಳು. ಆ ಮಾತಿನ ಬೆನ್ನಿಗೇ ಗಂಡ ಅಂಕಯ್ಯ ಕೊನೆಯ ಸಲ ಕಾವಲಿಗೆ ಹೋಗುವ ಮುನ್ನ ಕಂಬಳಿ ಹೊದ್ದು ಒಲೆಯ ಮುಂದೆ ನಡುಗುತ್ತ ಕೂತಿದ್ದು ಕಣ್ಣಿಗೆ ಬಂತು. ಮುಗಿದ ಕೈ ಹಾಗೇ ನಿಂತಿತು. ಜನ ಎದ್ದು ಚದುರತೊಡಗಿದರು.

"ಮಾವ, ಒಸಿ ನಿಲ್ಲಿ."

ಮುನಿಯಪ್ಪ ಚಪ್ಪಲಿ ಮೆಟ್ಟುತ್ತಿದ್ದವನು ನಿಂತ.

"ಅವತ್ತು ನಮ್ಮೋರಿಗೆ ಜ್ವರ ಇತ್ತು. ನಿಮ್ಮನೆ ಬಾಗ್ಲಿಗೆ ಬಂದು ಬೇಡ್ಕಂಡೆ. ತಾಯಿ ಕಟ್ಟಳೆ ಕಣವ್ವ, ಮುರಿಯಾಕೆ ನಾವ್ಯಾರು ಅಂದ್ರಿ."

"ಊಂ. ಅಂದಿದ್ದೆ."

"ಅವತ್ತೂ ಹೂ ಕೇಳಿದ್ರಾ ಮಾವ?"

ಮುನಿಯಪ್ಪ ಗುಡಿಯ ಕಡೆ ನೋಡಿದ. ಆಮೇಲೆ ಮಗನ ಕಡೆ ನೋಡಿದ. "ಕೇಳ್ಬೋದು ಅಂತ ಯಾರ್ಗೂ ಹೊಳೀಲೇ ಇಲ್ಲ ಕಣವ್ವ. ನಮ್ಮಪ್ಪನೂ ಕೇಳ್ನಿಲ್ಲ, ಅವರಪ್ಪನೂ ಕೇಳ್ನಿಲ್ಲ."

"ಕೇಳಿದ್ರೆ ಕೊಡ್ತಿದ್ಲೇನೋ."

"ಏನಂತ ಹೇಳ್ಲಿ?" ಎಂದ ಮುನಿಯಪ್ಪ. ಆಮೇಲೆ ದನಿ ತಗ್ಗಿಸಿದ. "ನಿನ್ ಮಗ ಉಳ್ಕಂಡನಲ್ಲವ್ವ. ಅದಕ್ಕೇ ಅಲ್ವಾ ನೀನು ಬಂದಿದ್ದು?"

"ಅದಕ್ಕೇ ಬಂದಿದ್ದು," ಎಂದಳು ಅವಳು. ಸುಳ್ಳೇನಲ್ಲ. ಆದರೆ ಕೇಳಿದ್ದು ಸಿಕ್ಕಿದ ಮೇಲೆ ಎದೆ ಹಗುರಾಗಬೇಕಲ್ಲ, ಯಾಕೆ ಆಗುತ್ತಿಲ್ಲವೆಂದು ಅವಳಿಗೇ ಗೊತ್ತಾಗಲಿಲ್ಲ. ಇವರು ಕಾವಲು ನಿಲ್ಲಿಸದೇ ಇದ್ದಿದ್ದರೆ ಬಾಯಿತುಂಬ ಬೈಯಬಹುದಿತ್ತು.

ಹುಚ್ಚಯ್ಯ ಒಳಗಿನಿಂದ ಕೂಗಿದ. "ಎಲ್ಲಾರೂ ನಿಮ್ ನಿಮ್ಮನೆ ಕೋಲು ತಂದು ತಾಯಿಗೆ ಒಪ್ಪಿಸ್ಬುಡಿ. ಹೊತ್ತು ಮುಳುಗೋದ್ರೊಳ್ಗೆ ಆಗ್ಬೇಕು!"

ಮನೆಗೆ ಬಂದರೆ ಬಾಲರಾಜು ಆಗಲೇ ಅಟ್ಟದಿಂದ ಕೋಲು ಇಳಿಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಂಕಯ್ಯನನ್ನು ಬಂಡೆಯ ಕೆಳಗಿನಿಂದ ಹೊತ್ತು ತಂದವರು ಇದನ್ನೂ ತಂದು ಬಾಗಿಲಿಗೆ ಒರಗಿಸಿ ಹೋಗಿದ್ದರು. ಅವನ ಮೈಮೇಲೆ ಆನೆ ಉಳಿಸಿದ ಜಾಗವಿರಲಿಲ್ಲ. ಕೋಲಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ನಿಲ್ಲಿಸ್ಬುಟ್ರು ಕಣ್ಲಾ," ಎಂದಳು.

"ಕೇಳ್ದೆ. ಆನೆಗೆ ಹೇಳಾಕೆ ಯಾರ್ ಹೋಗವ್ರೆ?"

ಅವಳಿಗೆ ನಗು ಬಂದುಬಿಟ್ಟಿತು. ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. "ಇತ್ಲಾಗ್ ಕೊಡ್ಲಾ. ಗುಡಿಗೆ ಒಪ್ಪಿಸ್ಬೇಕಂತೆ."

"ಕೊಡ್ಲೇಬೇಕಾ?"

"ಎಲ್ಲಾರೂ ಕೊಡ್ತಾವ್ರೆ."

"ಇದೂ ಕಟ್ಟಳೆನಾ ಅವ್ವಾ?"

ಕೊಡಬೇಡ ಎಂದರೆ ಇವನು ಅದನ್ನು ಹಿಡಿದು ಬಂಡೆ ಹತ್ತಿಯಾನು. ಕೊಡು ಎಂದರೆ, ಎಲ್ಲರ ಮನೆಯ ಸೌದೆಯ ಜೊತೆ ಇದೂ ಒಂದು ಸೌದೆ. ಅವಳು ಕೈಚಾಚಿದಳು. ಅವನು ಒಂದು ಗಳಿಗೆ ಅವಳ ಮುಖ ನೋಡಿ ಕೊಟ್ಟ. ಜೊತೆಗೆ ಬರುತ್ತೇನೆಂದು ಎದ್ದವನನ್ನು ಬೇಡವೆಂದಳು.

ಗುಡಿಯ ಮುಂದೆ ಕೋಲುಗಳು ಅಡ್ಡಾದಿಡ್ಡಿಯಾಗಿ ಬಿದ್ದಿದ್ದವು. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಮನೋಹರ ತಮ್ಮ ಮನೆಯದನ್ನು ಎಸೆದು, ಕೈ ಒರೆಸಿಕೊಂಡು, ಬಸ್ಸು ಬಂತೇನೋ ಎಂದು ರಸ್ತೆ ನೋಡುತ್ತಿದ್ದ. ವೆಂಕಟಲಕ್ಷ್ಮಮ್ಮ ಹೊಸಲಿನ ಹೊರಗೆ ನಿಂತು ಒಳಗಿನ ತಾಯಿಯನ್ನು ನೋಡಿದಳು. ಹೂವಿನ ಅಲಂಕಾರದಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು. ಕೇಳಿದ್ದರೆ ಕೊಡುತ್ತಿದ್ದೆಯಾ, ಎಂದು ಕೇಳಲು ಹೋಗಿ ಹೆದರಿ ಬಿಟ್ಟಳು.

ಹುಚ್ಚಯ್ಯ ಕೋಲಿಗೆ ಅರಿಸಿನ ಕುಂಕುಮ ಹಚ್ಚಿ ತುದಿ ಹಿಡಿದ. ಎಳೆದ. ಬರಲಿಲ್ಲ.

"ಬುಡವ್ವ," ಎಂದ ಮೆಲ್ಲಗೆ.

"ಬುಟ್ಟೆ ಕಣಪ್ಪ," ಎಂದಳು ಅವಳು.

ಹುಚ್ಚಯ್ಯ ಮತ್ತೆ ಎಳೆಯಲಿಲ್ಲ. ಕೋಲನ್ನು ಬಿಗಿಹಿಡಿದೇ ಇದ್ದ ಅವಳ ಬೆರಳುಗಳನ್ನು ನೋಡುತ್ತ, ಹಿಡಿದ ತುದಿಯನ್ನು ತಾನೂ ಬಿಡದೆ ನಿಂತ. ಹಿಂದೆ ಯಾರೋ ಬಸ್ಸು ಬಂತೆಂದು ಕೂಗಿದರು. "ಬುಟ್ಟಿದ್ದೀನಲ್ಲಪ್ಪ, ತಕ್ಕಳಿ," ಎಂದಳು ಅವಳು ಮತ್ತೊಮ್ಮೆ.