ಫ್ಲಾಪಿಗೆ ವಿಭೂತಿ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಆ ವರ್ಷ ಎಲ್ಲರ ಬಾಯಲ್ಲೂ ಒಂದೇ ಮಾತು: ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸಬೇಕು. ಹಾಕಿಸಿದವರು ಹಾಕಿಸದವರನ್ನು ಎತ್ತಿನಗಾಡಿಯವರಂತೆ ನೋಡತೊಡಗಿದ್ದರು. ಹೇಮಲತಾಳ ಶೆಡ್ಡಿಗೂ ಆ ಕಾಲ ಬಂತು. ಕೆಲಸ ಕೊಡುವ ಕಂಪನಿಯವರು ಇನ್ನು ಮುಂದೆ ಎಲ್ಲವನ್ನೂ ಹೊಸ ವಿಂಡೋಸಿಗೆ ಹೊಂದುವಂತೆ ಸಿ.ಡಿ.ಯಲ್ಲೇ ಕಳಿಸುತ್ತೇವೆ ಎಂದಿದ್ದರು. ಶೆಡ್ಡಿನ ಹಳೆಯ ಕಂಪ್ಯೂಟರಿಗೆ ಅದು ತಿಳಿಯದ ಭಾಷೆ.

ಅಲ್ಲಿ ತಯಾರಾಗುತ್ತಿದ್ದದ್ದು ತಗಡು ಕತ್ತರಿಸುವ ಉಕ್ಕಿನ ಅಚ್ಚು, ಅಂದರೆ ಡೈ. ಅವುಗಳ ಡ್ರಾಯಿಂಗ್ ಮಾಡಿದವನು ಹೇಮಲತಾಳ ಗಂಡ ಈರೇಶ. ಯುಗಾದಿ ಕಳೆದ ಮೇಲೆ ತುಮಕೂರು ರಸ್ತೆಯಲ್ಲಿ ಲಾರಿಯೊಂದು ಅವನ ಸ್ಕೂಟರಿಗೆ ಗುದ್ದಿತ್ತು. ಆಸ್ಪತ್ರೆ ತಲುಪುವವರೆಗೂ ಅವನು ಉಳಿಯಲಿಲ್ಲ. ಕಾಗದದ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. "ಇಲಿ ತಿಂತಾವ" ಎನ್ನುತ್ತಿದ್ದ. ಹಾಗಾಗಿ ಅವನ ದುಡಿಮೆಯೆಲ್ಲ ಕಂಪ್ಯೂಟರಿನೊಳಗೇ ಇತ್ತು. ಡ್ರಾಯಿಂಗ್ ಇದ್ದರೆ ಡೈ, ಡೈ ಇದ್ದರೆ ಶೆಡ್ಡು, ಶೆಡ್ಡಿದ್ದರೆ ಹೇಮಲತಾಳ ಒಲೆ.

ಶೆಡ್ಡು ನೋಡಿಕೊಳ್ಳುತ್ತಿದ್ದವರು ಈರೇಶನ ಅಣ್ಣ ಪಂಚಾಕ್ಷರಿ. ರಾಣೆಬೆನ್ನೂರು ಕಡೆಯ ಮನುಷ್ಯ. ಕಬ್ಬಿಣ ಕಡೆಯುವ ಲೇಥಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವವರು. ಸದ್ದು ಮಾಡದ ಯಂತ್ರದ ಮೇಲೆ ಅವರಿಗೆ ಅಂಥ ಗೌರವವೇನೂ ಇರಲಿಲ್ಲ.

ಬೇಕರಿ ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಭುವನೇಶ್ವರಿ ವಿಷಯ ಕೇಳಿ ಶೆಡ್ಡಿಗೇ ಬಂದಳು.

"ಹಾಕ್ಸಿ ಸಾರ್, ಬೇಡ ಅನ್ನಲ್ಲ. ಆದ್ರೆ ಮೊದ್ಲು ಎಲ್ಲಾ ಡ್ರಾಯಿಂಗೂ ಫ್ಲಾಪಿಗೆ ಕಾಪಿ ಮಾಡ್ಕೊಳ್ಳಿ. ಎರಡು ಸೆಟ್. ಒಂದು ಇಲ್ಲಿರ್ಲಿ, ಇನ್ನೊಂದು ಬೇರೆ ಕಡೆ."

"ಯಾಕವಾ? ಲೇಥಿಗೆ ಹೊಸ ಬೆಲ್ಟ್ ಹಾಕಿದ್ರ ಲೇಥು ತನ್ನ ಕೆಲಸ ಮರಿತೈತೇನು?"

"ಇದು ಬೆಲ್ಟ್ ಅಲ್ಲ ಸಾರ್. ಜನ ಒಳಗಿರೋವಾಗ್ಲೇ ಮನೆ ಪಾಯ ಕಿತ್ತು ಹೊಸದು ಹಾಕ್ದಂಗೆ. ಮಧ್ಯದಲ್ಲಿ ಕರೆಂಟ್ ಹೋದ್ರೆ?"

"ಪೀಣ್ಯದಾಗ ಕರೆಂಟ್ ಹೋಗೂದು ಹೊಸದೇನು?"

"ಅದಕ್ಕೇ ಹೇಳ್ತಿರೋದು! ನಮ್ ಕ್ಲಾಸಿನ ಯು.ಪಿ.ಎಸ್. ತಗೊಂಡ್ಹೋಗಿ. ಡಿಸ್ಕಲ್ಲಿ ಜಾಗ ಇದ್ಯಾ ನೋಡಿ. ಪ್ರಿಂಟರ್ ಮತ್ತೆ ನಡೀಬೇಕಂದ್ರೆ ಅದ್ರ ಜೊತೆ ಬಂದ ಫ್ಲಾಪಿ ಬೇಕು, ಹುಡುಕಿಡಿ. ಆಮೇಲೆ, ಕಾಪಿ ಮಾಡಿದ್ದನ್ನ ಬೇರೆ ಕಂಪ್ಯೂಟರಲ್ಲಿ ತೆರೆದು ನೋಡಿ."

"ಬಾಣಂತಿಗೂ ಇಷ್ಟು ಆರೈಕೆ ಇಲ್ಲ ಬಿಡವಾ" ಎಂದರು ಪಂಚಾಕ್ಷರಿ.

ಹೇಮಲತಾ ಒಂದೊಂದಾಗಿ ಕಾಪಿ ಮಾಡಿದಳು. ಇನ್ನೊಂದು ಪೆಟ್ಟಿಗೆ ಫ್ಲಾಪಿ ಬೇಕೆಂದಾಗ ಭಾವ "ಒಂದು ಸಾಕು" ಅಂದರು. ಅವಳೂ ಹಟ ಮಾಡಲಿಲ್ಲ. ಒಂದು ಫ್ಲಾಪಿಯನ್ನು ಮಾತ್ರ ಕ್ಲಾಸಿಗೆ ಒಯ್ದು ತೆರೆದು ನೋಡಿದಳು. ಡ್ರಾಯಿಂಗ್ ನೆಟ್ಟಗೆ ಬಂತು.

"ಇದು ಇಲ್ಲೇ ಇರ್ಲಿ ಅಕ್ಕ. ಉಳಿದಿದ್ದೂ ತನ್ನಿ, ಇನ್ನೊಂದು ಸೆಟ್ ನಾನೇ ಮಾಡ್ಕೊಡ್ತೀನಿ" ಎಂದಳು ಭುವನೇಶ್ವರಿ. ಹೇಮಲತಾ ತರುವಷ್ಟರಲ್ಲಿ ದಸರಾ ರಜೆ ಬಂದು ಕ್ಲಾಸಿಗೆ ಬೀಗ ಬಿತ್ತು.

ಗಂಡ ತೀರಿಕೊಂಡ ವರ್ಷವೆಂದು ಆಯುಧಪೂಜೆಗೆ ಹೇಮಲತಾ ಶೆಡ್ಡಿಗೆ ಹೋಗಲಿಲ್ಲ. ಪಂಚಾಕ್ಷರಿ ವಿಭೂತಿ ಕಲಸಿ ಲೇಥು, ಡ್ರಿಲ್ಲು, ಕಬ್ಬಿಣ ಕಚ್ಚಿ ಹಿಡಿಯುವ ವೈಸುಗಳಿಗೆಲ್ಲ ಹಚ್ಚಿದರು. ಕಂಪ್ಯೂಟರಿನ ಹಣೆಗೂ ಹಚ್ಚಿದರು. ಆಮೇಲೆ ಫ್ಲಾಪಿ ಪೆಟ್ಟಿಗೆ ಕಣ್ಣಿಗೆ ಬಿತ್ತು. ತಮ್ಮನ ದುಡಿಮೆ ಇದರೊಳಗಿದೆಯಲ್ಲ ಎಂದು ಅವರ ಕಣ್ಣು ತುಂಬಿತು. ಹೊರಗಿನ ಪ್ಲಾಸ್ಟಿಕ್ಕಿಗೆ ಹಚ್ಚಿದರೆ ಅಂಗಿಗೆ ಹಚ್ಚಿದಂತಾಗುತ್ತದೆಂದು ಪ್ರತಿಯೊಂದರ ತಗಡಿನ ಬಾಗಿಲು ಸರಿಸಿ, ಒಳಗಿನ ಕಪ್ಪು ತಟ್ಟೆಗೇ ಭಕ್ತಿಯಿಂದ ಬೆರಳಾಡಿಸಿದರು. ಒಂದನ್ನೂ ಬಿಡಲಿಲ್ಲ.

ಮರುದಿನ ವಿಜಯದಶಮಿ, ಹೊಸ ಕೆಲಸಕ್ಕೆ ಒಳ್ಳೆಯ ದಿನ. ಯು.ಪಿ.ಎಸ್. ಕ್ಲಾಸಿನ ಬೀಗದೊಳಗೇ ಇತ್ತು. ಕಂಪ್ಯೂಟರ್ ರಿಪೇರಿಯ ವಿನಾಯಕ್ ಬಂದು, ಸಿ.ಡಿ. ಓದುವ ಡ್ರೈವ್ ಜೋಡಿಸಿ, ವಿಂಡೋಸಿನ ಸಿ.ಡಿ. ಹಾಕಿದ. ಅರ್ಧ ಕೆಲಸವಾಗಿತ್ತು, ಕರೆಂಟ್ ಹೋಯಿತು. ಮತ್ತೆ ಬಂದಾಗ ಪರದೆ ಕಪ್ಪಾಗಿಯೇ ಉಳಿಯಿತು.

"ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕ್ಬೇಕು ಸಾರ್. ಕಾಪಿ ಇದೆ ತಾನೆ?"

"ಅದಾವ. ಪೂಜಿನೂ ಆಗೇತಿ. ಅಳಸಪಾ."

ಫ್ಲಾಪಿಯೊಂದನ್ನು ತೆರೆದು ನೋಡಿ ಆಮೇಲೆ ಅಳಿಸೋಣ ಎಂದು ಅವನಿಗೂ ಹೊಳೆಯಲಿಲ್ಲ. ಅಳಿಸಿದ. ಹೊಸ ವಿಂಡೋಸ್ ಮೋಡ, ಆಕಾಶ ತೋರಿಸುತ್ತ ಚೆಂದವಾಗಿ ಬಂದು ಕೂತಿತು. ಅನಂತರ ಮೊದಲ ಫ್ಲಾಪಿ ಒಳಗೆ ಹೋಯಿತು. ಕರ್‌ರ್ ಎಂದಿತು. ಆ ಸದ್ದು ಪಂಚಾಕ್ಷರಿಗೆ ಗೊತ್ತು. ಬೇರಿಂಗಿಗೆ ಮರಳು ಸೇರಿದ ಸದ್ದು. ವಿನಾಯಕ್ ಫ್ಲಾಪಿ ಹೊರಗೆಳೆದು ಅದರ ಬಾಗಿಲು ಸರಿಸಿದ.

"ಏನ್ ಸಾರ್ ಇದು, ಬಿಳೀ ಪುಡಿ?"

"ವಿಭೂತಿ."

ವಿನಾಯಕ್ ನಗಲು ಹೋದವನು ಅವರ ಮುಖ ನೋಡಿ ನಿಲ್ಲಿಸಿದ. ಸ್ಪಿರಿಟ್ಟಿನಲ್ಲಿ ಒರೆಸಿದ, ಇನ್ನೊಂದು ಹಾಕಿದ, ಮತ್ತೊಂದು ಹಾಕಿದ. ಪೆಟ್ಟಿಗೆಯಲ್ಲಿದ್ದ ಒಂದೂ ತೆರೆಯಲಿಲ್ಲ.

ರಜೆ ಮುಗಿದು ಭುವನೇಶ್ವರಿ ತನ್ನಲ್ಲಿ ಉಳಿದಿದ್ದ ಫ್ಲಾಪಿ ತಂದುಕೊಟ್ಟಳು. ಈರೇಶನದೆಂದು ಉಳಿದದ್ದು ಅಷ್ಟೇ.

"ನನ್ನ ಬೈದುಬಿಡು ಹೇಮಾ" ಎಂದರು ಪಂಚಾಕ್ಷರಿ.

"ಬೈದ್ರ ಡ್ರಾಯಿಂಗ್ ಬರ್ತಾವೇನ್ರಿ ಭಾವಾ? ಅಳತಿ ಹೇಳ್ರಿ."

ಹಳೆಯ ಡೈಗಳನ್ನು ಬಿಚ್ಚಿ ಅವರು ಅಳತೆ ಹೇಳಿದರು, ಅವಳು ಕಂಪ್ಯೂಟರಿನಲ್ಲಿ ಹೊಸದಾಗಿ ಬರೆದಳು. ಆದರೆ ಸವೆದ ಡೈ ಕೊಡುವುದು ಸವೆದ ಅಳತೆ. ಮೊದಲಿನ ಅಳತೆ ಗೊತ್ತಿದ್ದವನು ಇಲ್ಲ. ಮಾಲು ಕಂಪನಿಯಿಂದ ವಾಪಸು ಬಂತು. ಮತ್ತೆ ಮಾಡಿದರು, ಮತ್ತೆ ಬಂತು. ಶೆಡ್ಡಿನ ಅರ್ಧಕ್ಕರ್ಧ ಕೆಲಸ ಬೇರೆಯವರ ಪಾಲಾಯಿತು. ಈಗ ಪ್ರತಿ ಶನಿವಾರ ಪಂಚಾಕ್ಷರಿಯೇ ಆ ವಾರದ ಡ್ರಾಯಿಂಗಿನ ಫ್ಲಾಪಿ ಹಿಡಿದು ಕ್ಲಾಸಿನ ಮೆಟ್ಟಿಲು ಹತ್ತುತ್ತಾರೆ. "ತೆಗೆದು ತೋರಸವಾ. ಕಣ್ಣಿಂದ ನೋಡಿ ಹೋಗ್ತೀನಿ" ಎಂದು ಭುವನೇಶ್ವರಿಯ ಪಕ್ಕ ನಿಲ್ಲುತ್ತಾರೆ. ಎರಡನೇ ಸೆಟ್ಟು ಅವಳ ಬೀರುವಿನಲ್ಲಿದೆ.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಕಂಪ್ಯೂಟರಿಗೂ ಹೊಸ ವಿಂಡೋಸ್ ಬರಬಹುದು. ಬರಲಿ. ಅದಕ್ಕೆ ಮುಂಚೆ ನಿಮ್ಮದನ್ನೆಲ್ಲ ಕಾಪಿ ಮಾಡಿ, ಇನ್ನೊಂದು ಕಾಪಿಯನ್ನು ಬೇರೆ ಮನೆಯಲ್ಲಿಡಿ. ಕರೆಂಟನ್ನು ನಂಬಬೇಡಿ, ಯು.ಪಿ.ಎಸ್. ಕೇಳಿ ತನ್ನಿ. ಅಳಿಸಲೇ ಎಂದು ಯಾರಾದರೂ ಕೇಳಿದರೆ, ಕಾಪಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡುವ ತನಕ ಹೂಂ ಅನ್ನಬೇಡಿ. ಪೂಜೆಯನ್ನು ಧಾರಾಳವಾಗಿ ಮಾಡಿ, ಪೆಟ್ಟಿಗೆಯ ಹೊರಗೆ ಮಾಡಿ. ಯಂತ್ರ ಕೆಟ್ಟರೆ ಇನ್ನೊಂದು ಸಿಗುತ್ತದೆ. ಅದರೊಳಗೆ ಬರೆದಿಟ್ಟವರನ್ನು ಮತ್ತೆ ಕರೆದು ಕೂರಿಸಿ ಬರೆಸಲು ಆಗುತ್ತದೆಯೇ, ಒಂದು ಗಳಿಗೆ ಯೋಚಿಸಿ.